ಕೋಚ್ ಹ್ರುಸ್ಕಾ ಅವರ ಹುಳ

ನಮ್ಮ ಜೋಳದ ಗಿರಣಿಯ ತಂಡಕ್ಕೆ ಬೇಸ್‌ಬಾಲ್ ಕಲಿಸುವ ಕೋಚ್ ಹ್ರುಸ್ಕಾ "ಹುಳ ಹೊಸಕ್ರೋ!" ಎಂದು ಕೂಗುವುದನ್ನು ಮೊದಲ ಸಲ ಕೇಳಿದವನು, ಮರುದಿನ ಕೀಟನಾಶಕದ ಡಬ್ಬಿ ಹಿಡಿದೇ ಮೈದಾನಕ್ಕೆ ಹೋಗಿದ್ದೆ. ಬ್ಯಾಟು ಬೀಸುವಾಗ ಹಿಂಗಾಲಿನ ತುದಿ ಹುಳ ಹೊಸಕಿದಂತೆ ತಿರುಗಬೇಕು, ಆಗ ಸೊಂಟ ತಿರುಗಿ ಕೈಗೆ ಬಲ ಬರುತ್ತದೆ ಎಂಬುದು ಅವರ ವೇದವಾಕ್ಯ. "ಲೇ ಮೈಲೋ, ಹುಳಕ್ಕೆ ಜೋಗುಳ ಹಾಡ್ತಿದ್ದೀಯೇನೋ? ಸಾಯ್ಸೋ!" ಎಂದು ನನ್ನನ್ನು ಗದರುತ್ತಾರೆ. ಅಂಗಡಿಯ ಸಾಲಿನಲ್ಲಿ ನಿಂತರೂ ಹೊಸಕುತ್ತಾರೆ, ಚರ್ಚಿನಲ್ಲಿ ಪ್ರಾರ್ಥನೆಗೆ ಎದ್ದರೂ ಹೊಸಕುತ್ತಾರೆ; ಬಲಗಾಲಿನ ಬೂಟು ಬೇಗ ಸವೆದು, ಎಡಗಾಲಿನ ಹೊಸ ಬೂಟುಗಳೇ ಮನೆಯಲ್ಲಿ ಒಂದು ಕಪಾಟು ತುಂಬಿವೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ದೊಡ್ಡ ತಂಡವೊಂದು ಅವರನ್ನು ಆಯ್ಕೆಗೆ ಕರೆದಿತ್ತಂತೆ, ಒಂದೇ ಒಂದು ದಿನ. "ಅವತ್ತು ಎಷ್ಟು ದೂರ ಹೊಡೆದ್ರಿ, ಕೋಚ್?" ಎಂದು ಕೇಳಿಬಿಟ್ಟೆ. "ಎಸೆದ ಮೂರು ಚೆಂಡೂ ಪಕ್ಕದಲ್ಲೇ ಹೋದ್ವು ಕಣಯ್ಯಾ. ನಾನು ಕಾಲು ನೋಡ್ಕೊಂಡಿದ್ದೆ."