ಬಸಲಿಂಗವ್ವ ಕೊಟ್ಟ ಮಾರ್ಕು

ನೀಲಕಂಠಪ್ಪ ಅರವತ್ತಾರನೆಯ ವಯಸ್ಸಿನಲ್ಲಿ ಹಾಸ್ಟೆಲ್ ಸೇರಿದ. ಅವನ ಪಾಲಿಗೆ ಬಂದದ್ದು ಮೇಲಿನ ಮಂಚ. ಏಣಿ ಹತ್ತುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಮಾತ್ರ ಕೆಳಗಿನ ಮಂಚದ ನಿವೃತ್ತ ಲಾರಿ ಡ್ರೈವರ್ ದಿನಾ ಬೆಳಿಗ್ಗೆ ಎದ್ದು ನಿಂತು ಅವನ ಕಾಲು ಹಿಡಿಯಬೇಕಾಗುತ್ತಿತ್ತು. ಇಡೀ ಆಯುಷ್ಯದಲ್ಲಿ ಒಬ್ಬರಿಂದಲೂ ಕಾಲು ಹಿಡಿಸಿಕೊಳ್ಳದವನಿಗೆ ಈ ಭಾಗ್ಯ ಟೆಕ್ಸಾಸಿನಲ್ಲಿ ಒದಗಿತು.

ಡ್ಯಾಲಸ್‌ನಿಂದ ಉತ್ತರಕ್ಕೆ, ಪ್ರಾಸ್ಪರ್ ಎಂಬ ಊರು ದಾಟಿ ಇನ್ನೊಂದು ಗಂಟೆ ಹೋದರೆ ಒಕ್ಲಹೋಮಾ ಗಡಿಯ ಹತ್ತಿರ ಆ ಶಾಲೆ. ಡೆನ್ಮಾರ್ಕ್ ಕಡೆಯ ಪದ್ಧತಿ ಅಲ್ಲಿಯದು. ದೊಡ್ಡವರು ಒಂದು ವರ್ಷ ಒಟ್ಟಿಗೆ ಇದ್ದು, ಒಟ್ಟಿಗೆ ಅಡಿಗೆ ಮಾಡಿ, ಒಟ್ಟಿಗೆ ಪಾತ್ರೆ ತೊಳೆದು ಒಂದು ವಿದ್ಯೆ ಕಲಿಯಬೇಕು. ನೀಲಕಂಠಪ್ಪ ಆರಿಸಿಕೊಂಡ ವಿದ್ಯೆ ಪ್ರವಾಸೋದ್ಯಮ ಮತ್ತು ಸ್ವಂತ ಉದ್ಯಮ. ಮಕ್ಕಳ ಮನೆಗೆಂದು ಬಂದು ಸೋಫಾದ ಮೇಲೆ ಕೂತು ಬೇಸತ್ತ ನಮ್ಮ ಹಿರಿಯರಿಗೆ ಟೆಕ್ಸಾಸ್ ತೋರಿಸುವ ಕಂಪನಿ ತೆರೆಯುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ನಿಜವಾದ ಆಸೆ ಬೇರೆಯೇ ಇತ್ತು. ಧಾರವಾಡದಲ್ಲಿ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು ಅವನು. ಆಮೇಲೆ ಹ್ಯೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್ ಬಳಿ ಅಂಗಡಿ ಇಟ್ಟು, ಇಪ್ಪತ್ತೆಂಟು ವರ್ಷ ಅವುಗಳಿಗೆ ಪೈಪಿನ ವಾಲ್ವ್ ಮಾರಿದ. ಡಾಕ್ಟರು, ಎಂಜಿನಿಯರುಗಳ ನಡುವೆ ಕೂತಾಗ, "ನಾನು ಓದಿದವರಿಗೆ ಪಗಾರ ಕೊಟ್ಟಾಂವ್ರಿ" ಎಂದು ಎದೆ ಉಬ್ಬಿಸುತ್ತಿದ್ದ. ಮನೆಗೆ ಬಂದ ಮೇಲೆ ಅವರ ಗೋಡೆಯ ಸರ್ಟಿಫಿಕೇಟುಗಳು ನೆನಪಾಗಿ ತನ್ನ ಖಾಲಿ ಗೋಡೆಯನ್ನೇ ನೋಡುತ್ತ ಕೂರುತ್ತಿದ್ದ. ತನ್ನ ಹೆಸರು ಅಚ್ಚಾದ ಒಂದು ಕಾಗದ ಬೇಕಿತ್ತು ಅವನಿಗೆ. ಅಂಗಡಿ ಮಾರಿ ಮಗಳು ನೇಹಾಳ ಮನೆಯ ಪಕ್ಕಕ್ಕೆ, ಪ್ರಾಸ್ಪರ್‌ಗೆ ಶಿಫ್ಟ್ ಆದಾಗ ಹೊಸ ಗೋಡೆಗೆ ಮೊಳೆ ಹೊಡೆದೂ ಆಗಿತ್ತು.

"ಸದ್ಯಕ್ಕ ಆ ಮೊಳೀಗೆ ನಿಮ್ಮ ಟೊಪ್ಪಿಗಿ ಹಾಕ್ಲೇನ್ರಿ?" ಎಂದು ಹೆಂಡತಿ ಸುಮಿತ್ರವ್ವ ಕೇಳಿದ್ದಳು.

ಆ ಕಾಗದಕ್ಕೆ ಒಂದೇ ಷರತ್ತು. ವರ್ಷದ ಕೊನೆಗೆ ನಿಜವಾದ ಅತಿಥಿಗಳನ್ನು ಕರೆದುಕೊಂಡು ಒಂದು ದಿನದ ಪ್ರವಾಸ ನಡೆಸಬೇಕು. ಗುರುಗಳಾದ ಡೋರೀನ್ ಸುಮ್ಮನೆ ಜೊತೆಗೆ ಬರುತ್ತಾರೆ. ಸಂಜೆ ಚೀಟಿ ಎತ್ತಿ ಇಬ್ಬರು ಅತಿಥಿಗಳನ್ನು ಕೇಳುತ್ತಾರೆ. ಏನು ನೋಡಿದಿರಿ? ಇವರ ಜೊತೆ ಮತ್ತೆ ಬರುತ್ತೀರಾ? ಅವರ ಉತ್ತರದ ಮೇಲೆ ಪಾಸು, ಫೇಲು.

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಪ್ರಾಸ್ಪರ್‌ನಿಂದ ಆಸ್ಟಿನ್‌ಗೆ ವ್ಯಾನು ಹೊರಟಿತು. ಎಂಟು ಹಿರಿಯರು, ಹಿಂದಿನ ಸೀಟಿನಲ್ಲಿ ಡೋರೀನ್, ರೊಟ್ಟಿ ಬುಟ್ಟಿಯ ಪಕ್ಕ ಸುಮಿತ್ರವ್ವ. ವ್ಯಾನು ಓಡಿಸಲು ಹಾಸ್ಟೆಲಿನ ಆ ಲಾರಿ ಡ್ರೈವರ್; ಅವನ ಪಕ್ಕ ಕೂತ ನೀಲಕಂಠಪ್ಪನ ಕೈಯಲ್ಲಿ ಮೈಕು ಮತ್ತು ಮೂವತ್ತೆಂಟು ಪುಟದ ಟಿಪ್ಪಣಿ. ಸ್ವಂತ ಓದಿನಿಂದ ಕಲಿತವನಿಗೆ ಒಂದು ಕೆಟ್ಟ ಚಟವಿರುತ್ತದೆ. ಕಲಿತದ್ದಷ್ಟನ್ನೂ ಹೇಳಿ ಮುಗಿಸದಿದ್ದರೆ, ಕಲಿತದ್ದನ್ನು ಯಾರೂ ನಂಬುವುದಿಲ್ಲ ಎಂಬ ಭಯ ಅದು. ರೈಲು ಹಳಿ ಬಂದ ವರ್ಷ, ಹತ್ತಿಯ ದರ, ಹಳೆಯ ಗವರ್ನರುಗಳ ಮೀಸೆ, ಒಂದನ್ನೂ ಬಿಡಲಿಲ್ಲ.

ದಾರಿಯ ಬದಿ ನೀಲಿ ಹೂವು ಹಾಸಿಕೊಂಡಿತ್ತು. ಮೈಸೂರಿನ ಬದರಿನಾಥರ ಹೆಂಡತಿ ವಿಜಯಾ ಕೇಳಿದರು, "ಒಂದೈದು ನಿಮಿಷ ನಿಲ್ಸಿ ಅಂಕಲ್, ಒಂದು ಫೋಟೋ."

"ಅದು ಪಟ್ಟಿಯೊಳಗ ಇಲ್ರೀ ಮೇಡಂ" ಎಂದು ಅವನು ಗವರ್ನರಿಗೆ ಮರಳಿದ.

ಹಾಗೆ ಕರೆದ ವಿಜಯಾ ಅವರಿಗೇ ಅರವತ್ತೆರಡು. ಅಂಕಲ್ ಅನ್ನಿಸಿಕೊಂಡ ಉರಿಯಲ್ಲಿ ಅವನ ಮೈಕು ಇನ್ನಷ್ಟು ಜೋರಾಯಿತು.

ಶಾಸನಸಭೆಯ ಕೆಂಪು ಕಲ್ಲಿನ ಕಟ್ಟಡದ ಮೆಟ್ಟಿಲಲ್ಲಿ ನಲವತ್ತು ನಿಮಿಷ ಮಾತಾಡಿದ. ಒಳಗೆ ಹೋದದ್ದು ಹತ್ತು ನಿಮಿಷ. ಅಲ್ಲಿಂದ ಕೆರೆಯ ದಂಡೆಯ ಓಕ್ ಮರದ ಕೆಳಗೆ ಊಟ. ಪಟ್ಟಿಯಲ್ಲಿ ಊಟಕ್ಕೆ ನಲವತ್ತು ನಿಮಿಷ, ಆಮೇಲೆ ಮ್ಯೂಸಿಯಂ, ಆಮೇಲೆ ದೋಣಿ ಎಂದಿತ್ತು.

ಇಲ್ಲಿ ಗೈಡು ಸತ್ತು ಧಾರವಾಡದ ಯಜಮಾನ ಎದ್ದು ಕೂತ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಇನ್ನೊಂದು ಅರ್ಧ ರೊಟ್ಟಿ ಹಾಕ್ಸಿಕೊಳ್ರಿ. ಏನ್ರೀ ಬದರಿನಾಥ್, ಗುಬ್ಬಿ ಉಂಡಾಂಗ ಉಣ್ತೀರಿ?"

"ಸಾಕು ಸಾರ್, ಹೊಟ್ಟೆ ಒಡೆದು ಹೋಗುತ್ತೆ."

"ಒಡೀಲಿ, ಹೊಲಿಸೋಣ. ಪ್ರಾಸ್ಪರ್‌ನಾಗ ಮನಿಗೊಬ್ಬ ಡಾಕ್ಟರ್ ಅದಾರ."

ಡೋರೀನ್ ಎರಡು ಸಲ ಕೈಗಡಿಯಾರ ತೋರಿಸಿದರು. ಉಣ್ಣುವವರ ಎದುರು ನಿಂತು ಹೊತ್ತಾಯಿತು ಏಳಿ ಎನ್ನುವುದೇ? ಅವನ ಮನೆತನದಲ್ಲಿ ಅಂಥ ಮಾತು ಹುಟ್ಟಿಯೇ ಇರಲಿಲ್ಲ. ಡೋರೀನ್‌ರ ತಟ್ಟೆಗೂ ಒಂದು ರೊಟ್ಟಿ ಹಾಕಿದ. ಊಟ ಮುಗಿದು ಎಲೆ ಅಡಿಕೆ ಆಗಿ, ಇಬ್ಬರು ಹುಲ್ಲಿನ ಮೇಲೆ ಅಡ್ಡಾಗಿ, ಎಲ್ಲರೂ ಏಳುವಾಗ ಮೂರೂವರೆ. ಮ್ಯೂಸಿಯಂ ಹೋಯಿತು, ದೋಣಿಯೂ ಹೋಯಿತು.

ಅಲ್ಲಿಯೇ ಡೋರೀನ್ ಚೀಟಿ ಎತ್ತಿದರು. ಮೊದಲನೆಯದು ಬದರಿನಾಥರದು. ಅವರು ಸಭ್ಯರು. ಕೈಯಲ್ಲಿದ್ದ ಪಟ್ಟಿ ನೋಡಿ ಮೂರು ಸ್ಥಳದ ಹೆಸರನ್ನೂ ಇಂಗ್ಲಿಷಿನಲ್ಲಿ ಓದಿ, ಬಹಳ ಸೊಗಸಾಗಿತ್ತು ಎಂದರು. ನೋಡದ ಮ್ಯೂಸಿಯಮ್ಮನ್ನು ಹೊಗಳಿದ ಧಾಟಿಗೆ ನೀಲಕಂಠಪ್ಪನೇ ನಾಚಿದ.

ಎರಡನೆಯ ಚೀಟಿ ಬಸಲಿಂಗವ್ವನದು. ಗದಗಿನ ಕಡೆಯವಳು, ಎಪ್ಪತ್ತರ ಮುದುಕಿ, ಪ್ರಾಸ್ಪರ್‌ನಲ್ಲಿ ಮಗ ಸಿದ್ಧಾರೂಢನ ಮನೆಗೆ ಬಂದವಳು. ಇಂಗ್ಲಿಷ್ ಒಂದಕ್ಷರ ಬಾರದು. ಡೋರೀನ್‌ಗೆ ಕನ್ನಡ ಬಾರದು. "ನೀವೇ ಅನುವಾದ ಮಾಡಿ" ಎಂದರು ಡೋರೀನ್.

ದೇವರು ಕಣ್ಣು ಬಿಟ್ಟನೆಂದುಕೊಂಡ ನೀಲಕಂಠಪ್ಪ. "ಏನೇನು ನೋಡಿದ್ರೆವ್ವಾ ಅಂತ ಕೇಳಾಕತ್ತಾರ."

"ನೋಡಿದ್ದೇನಪಾ, ನಿಮ್ಮ ಕುತ್ತಿಗಿ ನೋಡೇನಿ. ಮುಂಜಾನಿಂದ ನನ್ನ ಮುಂದ ಅದ ಇತ್ತು. ಆ ಕಲ್ಲಿನ ಕಟ್ಟಡ ಯಾರು ಕಟ್ಟಿದ್ರು, ಎಷ್ಟು ವರ್ಷ ಕಟ್ಟಿದ್ರು ಅಂತ ನೀವು ಹೇಳಿ ಮುಗಿಸೂದರಾಗ ನನ್ನ ಮೊಣಕಾಲು ಹೋತು. ಊಟ ಚಲೋ ಆತು. ಊಟ ಮನ್ಯಾಗನೂ ಆಗ್ತದ, ಅದಕ್ಕ ನಾಕು ತಾಸು ಗಾಡ್ಯಾಗ ಕುಂದ್ರಬೇಕೇನು?"

"ಮತ್ತ ಬರ್ತೀರೇನು ನನ್ನ ಕೂಡ?"

"ನೀವು ಮಾತಾಡೂದಿದ್ರ ಒಲ್ಲೆ. ನಿಮ್ಮ ಹೆಂಡ್ತಿ ಕರಕೊಂಡು ಹೊಂಟ್ರ ಬರ್ತೀನಿ."

ಡೋರೀನ್ ಪೆನ್ನು ಹಿಡಿದು ಕಾಯುತ್ತಿದ್ದರು. ನೀಲಕಂಠಪ್ಪ, "ದೊಡ್ಡ ಕಟ್ಟಡ ನೋಡಿದೆ, ಊಟ ಚೆನ್ನಾಗಿತ್ತು, ಮತ್ತೆ ಬರುತ್ತೇನೆ ಅನ್ನುತ್ತಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಅಷ್ಟೇನಾ? ಅವರು ಬಹಳ ಹೊತ್ತು ಮಾತಾಡಿದರಲ್ಲ."

"ನಮ್ಮ ಭಾಷೆ ಸ್ವಲ್ಪ ಉದ್ದ" ಎಂದ.

ಡೋರೀನ್ ನಂಬಿ ಬರೆಯತೊಡಗಿದರು. ಕಾಗದ ಕೈಗೆ ಬಂದಂತೆಯೇ. ಆದರೆ ಆ ಪೆನ್ನು ಓಡುವುದನ್ನು ನೋಡುತ್ತ ಅವನಿಗೆ ತನ್ನ ಅಂಗಡಿ ನೆನಪಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸೋರುವ ವಾಲ್ವನ್ನೂ ಗಟ್ಟಿಯೆಂದು ಮಾರಿದವನಲ್ಲ ಅವನು. ಈಗ ತನ್ನನ್ನೇ ಮಾರುತ್ತಿದ್ದ, ಸೋರುತ್ತಿರುವುದು ಗೊತ್ತಿದ್ದೂ.

"ಸ್ವಲ್ಪ ನಿಲ್ಲಿಸಿ ಮೇಡಂ" ಎಂದ. ಕುತ್ತಿಗೆಯಿಂದ ಹೆಂಡತಿಯವರೆಗೆ ಒಂದು ಮಾತೂ ಬಿಡದೆ ಹೇಳಿದ. ಬದರಿನಾಥರು ಹೊಗಳಿದ ಮ್ಯೂಸಿಯಂ ಯಾರೂ ನೋಡಿಲ್ಲವೆಂದೂ ಸೇರಿಸಿದ. ಬದರಿನಾಥರು ಮರದ ಕೊಂಬೆ ಎಣಿಸತೊಡಗಿದರು.

ಡೋರೀನ್ ಬರೆದದ್ದರ ಮೇಲೆ ಗೀಟು ಎಳೆದರು. "ಮೇ ತಿಂಗಳಲ್ಲಿ ನಿಮಗೆ ಕಾಗದ ಕೊಡಲು ಆಗುವುದಿಲ್ಲ. ಅಕ್ಟೋಬರಿನಲ್ಲಿ ಮತ್ತೊಂದು ಪ್ರವಾಸ ನಡೆಸಿ, ಆಗ ನೋಡೋಣ."

ವ್ಯಾನಿನ ಕಡೆ ನಡೆಯುವಾಗ ಬಸಲಿಂಗವ್ವ ಅವನ ತೋಳು ಹಿಡಿದುಕೊಂಡಳು, ಮೊಣಕಾಲಿನ ಸಲುವಾಗಿ. "ಎರಡನೇ ಸಲ ಆಕೀಗೆ ಅಷ್ಟುದ್ದ ಏನು ಹೇಳಿದ್ರಿ?"

"ನೀವು ಹೇಳಿದ್ದನ್ನ."

"ಎಲ್ಲಾನೂ?"

"ಎಲ್ಲಾನೂ. ಫೇಲ್ ಆದ್ನಿ."

"ಅಯ್ಯ ನನ್ನ ಶಿವನ! ಅದನ್ನ ನಾ ನಿಮಗ ಹೇಳಿದ್ದು, ಆಕೀಗಲ್ಲ. ಮನಿ ಮಂದಿಗೆ ಹೇಳಿದ್ದನ್ನ ಹೊರಗಿನವರಿಗೆ ಹೇಳ್ತಾರೇನ್ರಿ? ವಾಲ್ವ್ ಹೆಂಗ ಮಾರಿದ್ರಿ ನೀವು?"

ಹಿಂದಿನಿಂದ ಸುಮಿತ್ರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಮತ್ತ ಯಾವಾಗ ಪರೀಕ್ಷಾ?"

"ಅಕ್ಟೋಬರ್."

"ಅಷ್ಟರಾಗ ನಾ ಗದಗಿನಾಗ ಇರ್ತೀನಿ. ಜೂನ್‌ನಾಗ ಇಟ್ಟುಕೊಳ್ಳಾಕ ಬರೂದಿಲ್ಲೇನು?"

ನೀಲಕಂಠಪ್ಪ ನಿಂತ. ಜೂನ್ ತಿಂಗಳಲ್ಲಿ ಪರೀಕ್ಷೆಯಿಲ್ಲ, ಡೋರೀನ್ ಇಲ್ಲ, ಕಾಗದವೂ ಇಲ್ಲ. "ಇಟ್ಟುಕೊಳ್ಳಾಕ ಬರ್ತದ" ಎಂದ. ಆಮೇಲೆ, ಇಡೀ ವರ್ಷ ಯಾರನ್ನೂ ಕೇಳದ ಒಂದು ಮಾತು ಕೇಳಿದ. "ನಿಮಗ ಏನು ನೋಡೂದೈತೆವ್ವಾ?"

ಮುದುಕಿ ತಡಮಾಡಲಿಲ್ಲ. "ಆಕಳ. ಟೆಕ್ಸಾಸ್ ಅಂದ್ರ ಆಕಳ ಅಂತಿದ್ದ ನನ್ನ ಮಗ. ಬಂದು ಮೂರು ತಿಂಗಳಾತು, ಒಂದರ ಬೆನ್ನ ಮ್ಯಾಲೂ ಕೈ ಆಡಿಸಿಲ್ಲ."