ನಾಯಿಗೆ ಹಾಸಿದ್ದ ಕಂಬಳಿ

ನನ್ನ ಗಂಡ ಯತ್ತಪ್ಪ ನಿಡುಗಲ್ ಬೆಟ್ಟದ ಸುತ್ತ ನಲವತ್ತು ವರ್ಷ ಕುರಿ ಮೇಯಿಸಿದ. ಒಂದೇ ಕರಿ ಕಂಬಳಿ ಅವನಿಗೆ ಹಾಸಿಗೆಯೂ ಆಗಿತ್ತು, ಕೊಡೆಯೂ ಆಗಿತ್ತು. ಹೊಲವನ್ನು ಸೋಲಾರ್‌ನವರಿಗೆ ಗುತ್ತಿಗೆ ಕೊಟ್ಟ ಮೇಲೆ ಮಗ ಅಂಜಿನಮೂರ್ತಿ ಕುರಿಗಳನ್ನೆಲ್ಲ ಮಾರಿಸಿ, ಪಾವಗಡದಿಂದ ಸೋಫಾ, ಗೋಡೆಯಗಲದ ಟೀವಿ ತಂದ. ಕಂಬಳಿ ಸೋಫಾದ ಮೇಲೆಲ್ಲ ಕೂದಲು ಉದುರಿಸುತ್ತದೆ ಎಂದು ನಾನೇ ಅದನ್ನು ನಾಯಿಗೆ ಹಾಸಿದೆ.

ಯತ್ತಪ್ಪ ಎರಡು ವರ್ಷ ಟೀವಿ ಮುಂದೆ ಕೂತ.

"ಲೇ, ಈಗ ನಾನ್ ಯಾತಕ್ಕೆ ಬೆಳಿಗ್ಗೆ ಎದ್ದೇಳ್ಬೇಕು?" ಎಂದು ಒಂದು ದಿನ ಕೇಳಿದ.

"ಕುಂತ್ಕಂಡು ಉಣ್ಣಾಕೇನ್ ರೋಗ ನಿಂಗೆ?" ಎಂದು ಗದರಿದೆ. ಈ ಬಾಯಿಂದಲೇ.

ಹೋದ ತಿಂಗಳು ಅದೇ ಸೋಫಾದಲ್ಲಿ ಸತ್ತ. ನಮ್ಮ ಕುಲದಲ್ಲಿ ಹೆಣವನ್ನು ಕಂಬಳಿಯ ಮೇಲೆ ಮಲಗಿಸಬೇಕು. ಮಗ ಹೂವಿನ ಚಿತ್ರದ, ಮಿರಮಿರ ಮಿಂಚುವ ರಗ್ಗು ತಂದ.

"ಹೊಸದು ಕಣಮ್ಮ, ಒಳ್ಳೆ ರೇಟಿಂದು."

"ನಿನ್ ರೇಟಿಗೆ ಬೆಂಕಿ ಬೀಳ! ಅತ್ಲಾಗೆ ಬಿಸಾಕ್ಬುಡ್ಲಾ!"

ನಾಯಿಯನ್ನು ಎಬ್ಬಿಸಿ ಕಂಬಳಿ ಎಳೆದು ತಂದೆ.

"ಜನ ಏನಂತಾರಮ್ಮ?"

"ನಾನ್ ಮಾಡಿದ್ ಕೆಲ್ಸ. ನನ್ನೇ ಅನ್ಲಿ."

ಎಷ್ಟು ಕೊಡವಿದರೂ ನಾಯಿಯ ಕೂದಲು ಪೂರ್ತಿ ಹೋಗಲಿಲ್ಲ. ಅದರ ಮೇಲೆಯೇ ಮಲಗಿಸಿದೆವು. ಮಣ್ಣು ಮಾಡಿ ಬಂದ ದಿನವೇ ಸೋಫಾವನ್ನು ಅಂಗಳಕ್ಕೆ ಎಳೆದು ಹಾಕಿದೆ. ಈಗ ಅದರ ಮೇಲೆ ನಾಯಿ ಮಲಗುತ್ತದೆ.