ಎರಡನೇ ಸಲದ ಹೊಲಿಗೆ

ಹೋದ ವಾರ ಹಿಂದೂಪುರದ ಪರಿಗಿ ರಸ್ತೆಯಲ್ಲಿ ಸ್ಕೂಟರಿಗೆ ಹೊಸ ಸೀಟು ಹಾಕಿಸಲು ನಿಂತಿದ್ದೆ. ಅಂಗಡಿಯವನು ಸ್ಪಂಜಿಗೆ ರೆಕ್ಸಿನ್ ಅಂಟಿಸಲು ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದೆ. ತಗಡಿನ ಅಂಗಡಿ, ಕಾಲಲ್ಲಿ ತುಳಿಯುವ ದಪ್ಪ ಮಿಷನ್ನು, ಅದರ ಹಿಂದೆ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡು ಕೂತ ಸೀಟಿನ ತಾತ…

ಊರಿಗೆಲ್ಲ ಅವರು ಸೀಟಿನ ತಾತ. ಆಟೋಗಳ ಟಾಪು, ಬಸ್ಸಿನ ಸೀಟು, ಕಡಲೆಕಾಯಿ ಮುಚ್ಚುವ ಟಾರ್ಪಾಲು, ಎಲ್ಲವನ್ನೂ ಹೊಲಿಯುತ್ತಿದ್ದರು. ಕುಂದುರ್ಪಿ ಕಡೆಯವರಾದ್ದರಿಂದ ನನ್ನ ಜೊತೆ ಕನ್ನಡ, ಉಳಿದವರ ಜೊತೆ ತೆಲುಗು. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಹೊಸ ದಾರದ ಉಂಡೆ ಬಂದರೆ ಕಡ್ಡಿ ಗೀರಿ ತುದಿಯನ್ನು ಸುಟ್ಟು ನೋಡುತ್ತಿದ್ದರು. ಕರಗಿದರೆ ನೈಲಾನು, ಸರಿ; ಬೂದಿಯಾದರೆ ಹತ್ತಿ, ವಾಪಸ್ಸು. ಪಕ್ಕದ ಟೀ ಅಂಗಡಿಯವನು ಇವತ್ತು ಹಾಲು ಗಟ್ಟಿ ಎಂದರೆ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು.

ನಾನು ಆಗ ಕಲ್ಯಾಣದುರ್ಗದಲ್ಲಿ ರೂಮು ಮಾಡಿಕೊಂಡು ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಗುಡ್ಡದ ಮೇಲಿನ ಫ್ಯಾನುಗಳು ಎಷ್ಟು ತಿರುಗಿದವು, ಗಾಳಿ ಯಾವ ಕಡೆಯಿಂದ ಎಷ್ಟು ಬೀಸಿತು ಎಂದು ಕಂಪ್ಯೂಟರಿನಲ್ಲಿ ನೋಡಿ ಬರೆಯುವ ಕೆಲಸ. ನಮ್ಮ ಇಂಜಿನಿಯರಿಗೆ ಹ್ಯಾಂಗ್ ಗ್ಲೈಡಿಂಗ್ ಹುಚ್ಚು. ಅಲ್ಯೂಮಿನಿಯಂ ಪೈಪುಗಳಿಗೆ ಬಟ್ಟೆ ಬಿಗಿದ ದೊಡ್ಡ ರೆಕ್ಕೆ, ಅದರ ಕೆಳಗೆ ಪಟ್ಟಿಯಲ್ಲಿ ನೇತುಬಿದ್ದು ಗುಡ್ಡದ ಅಂಚಿನಿಂದ ಓಡಿ ಹಾರುವುದು. ಇಂಜಿನ್ನಿಲ್ಲ, ಗಾಳಿಯೇ ಎಲ್ಲ. ಭಾನುವಾರಗಳಲ್ಲಿ ಅವರು ಆಫೀಸಿನವರಿಗೆ ಕಲಿಸುತ್ತಿದ್ದರು. ಮೊದಮೊದಲು ಐದಾರು ಜನ ಹೋದೆವು. ಒಬ್ಬೊಬ್ಬರೇ ಬಿಟ್ಟು ಕೊನೆಗೆ ಉಳಿದವಳು ನಾನೊಬ್ಬಳು.

ಒಬ್ಬ ಹುಡುಗಿ ಭಾನುವಾರ ಭಾನುವಾರ ಇಂಜಿನಿಯರನ ಜೀಪಿನಲ್ಲಿ ಗುಡ್ಡಕ್ಕೆ ಹೋಗುವುದೆಂದರೆ… ಊರು ಸುಮ್ಮನಿರುತ್ತದೆಯೇ. ರೂಮಿನ ಓನರಮ್ಮ ನನ್ನ ಚಪ್ಪಲಿಯ ಮಣ್ಣು ನೋಡುತ್ತಿದ್ದಳು. ನಾನು ತಲೆ ಕೆಡಿಸಿಕೊಂಡಿಲ್ಲ ಎಂದು ತೋರಿಸಿಕೊಳ್ಳುತ್ತಿದ್ದೆ, ಆದರೆ ಒಂದೊಂದು ನೋಟವನ್ನೂ ಎಣಿಸುತ್ತಿದ್ದೆ.

ನಾಲ್ಕು ವರ್ಷ ಹಾಗೆ ಹಾರಿದ ಮೇಲೆ ಇಟಲಿಯಲ್ಲಿ ನಡೆಯುವ ಒಂದು ಅಂತರರಾಷ್ಟ್ರೀಯ ಸ್ಪರ್ಧೆಗೆ ನಮ್ಮಿಬ್ಬರ ಹೆಸರೂ ಬಂತು. ಇಂಜಿನಿಯರು ತಮಗೆ ಹೊಸ ರೆಕ್ಕೆ ತರಿಸಿಕೊಂಡು ಹಳೆಯದನ್ನು ನನಗೆ ಕೊಟ್ಟರು. ಅದಕ್ಕಿಂತ ದೊಡ್ಡದನ್ನು ಯಾರೂ ನನಗೆ ಕೊಟ್ಟಿರಲಿಲ್ಲ. ಹೊರಡಲು ಎರಡು ತಿಂಗಳಿದ್ದಾಗ ಒಂದು ಬೀಳು ಹೊಲದಲ್ಲಿ ಇಳಿಯುವಾಗ ಜಾಲಿ ಮುಳ್ಳಿಗೆ ಸಿಕ್ಕಿ ಬಟ್ಟೆ ಗೇಣುದ್ದ ಹರಿಯಿತು. ಪೈಪುಗಳ ಕಡೆ ಕಣ್ಣು ಹಾಯಿಸದೆ ಬಟ್ಟೆಯನ್ನು ಬಿಚ್ಚಿ, ಸುತ್ತಿ, ಸೀಟಿನ ತಾತನ ಬಳಿಗೆ ಒಯ್ದೆ.

ತಾತ ಹರಿದ ಜಾಗವನ್ನು ನೋಡಲೇ ಇಲ್ಲ. ಇಡೀ ಬಟ್ಟೆಯನ್ನು ಅಂಗಳದಲ್ಲಿ ಹಾಸಿ, ಅಂಚಿನ ಗುಂಟ ಬೆರಳಾಡಿಸುತ್ತಾ ಹೋದರು. ಎಡರೆಕ್ಕೆಯ ನಡುವೆ ಒಂದು ಕಡೆ ಬೆರಳು ನಿಂತಿತು.

"ಇದ್ಯಾರು ಹೊಲ್ದಿದ್ದು?"

"ಕಂಪನಿಯವರು ತಾತ. ಫಾರಿನ್ನಿಂದ ಬಂದಿರೋದು."

"ಅಲ್ಲ ಕಣಮ್ಮ. ಇದು ಎರಡನೇ ಸಲದ ಹೊಲಿಗೆ. ಮೊದಲ್ನೇ ಸೂಜಿ ತೂತು ಪಕ್ಕದಾಗೇ ಅವೆ ನೋಡು. ಎಳೆಗಳು ಹೊರಕ್ಕೆ ಮುಖ ಮಾಡವೆ. ಒಳಗಿಂದ ಏನೋ ತಿವಿದು ಹರಿದೈತೆ ಇದು. ಆಮ್ಯಾಕೆ ಹೊಲ್ದವ್ರೆ."

ನನಗೆ ಏನೂ ಕಾಣಲಿಲ್ಲ. ತಾತ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಆಕ್ಸಿಡೆಂಟಾದ ಗಾಡಿ ಮಾರೋರು ಮೊದ್ಲು ಬರೋದು ನನ್ನತ್ರಕ್ಕೇ. ಸೀಟು ಹೊಸದಾಗಿದ್ರೆ ಯಾರೂ ಕೆಳಗೆ ಬಗ್ಗಿ ನೋಡಲ್ಲ. ಅಂಥವು ಎಷ್ಟು ಹೊಲ್ಕೊಟ್ಟಿವ್ನೋ ನಾನೇ… ಯಾರು ಕೊಟ್ರು ಇದನ್ನ ನಿಂಗೆ?"

"ನಮ್ಮ ಇಂಜಿನಿಯರ್ ಸಾರು."

"ಆ ಸಾರು ನಿಂಗೇನಾಗ್ಬೇಕು?"

ಅಲ್ಲಿಗೆ ನನ್ನ ಕಿವಿ ಮುಚ್ಚಿಹೋಯಿತು. ಊರೆಲ್ಲ ಬಾಯಿಬಿಡದೆ ಕೇಳುತ್ತಿದ್ದ ಪ್ರಶ್ನೆಯನ್ನು ಈ ಮುದುಕ ಬಾಯಿಬಿಟ್ಟು ಕೇಳಿದ ಎಂದಷ್ಟೇ ಅನಿಸಿತು. "ಹೊಲಿಯೋದಿದ್ರೆ ಹೊಲೀರಿ ತಾತ, ಅದೆಲ್ಲ ನಿಮಗ್ಯಾಕೆ" ಎಂದೆ. ಅವರು ಹರಿದ ಜಾಗವನ್ನು ಹೊಲಿದುಕೊಟ್ಟರು. ಎತ್ತಿಕೊಂಡು ಹೊರಟಾಗ ಮಿಷನ್ನಿನಿಂದ ತಲೆ ಎತ್ತದೆಯೇ, "ಆವಯ್ಯನ್ನ ನಂಬಬ್ಯಾಡ ಕಣಮ್ಮ" ಎಂದರು. ನಾನು ತಿರುಗಿ ನೋಡಲಿಲ್ಲ.

ಆದರೂ ಮನಸ್ಸು ತಡೆಯದೆ ಇಂಜಿನಿಯರನ್ನು ಕೇಳಿದೆ. ಅವರು ನಕ್ಕರು. "ಅದು ಫ್ಯಾಕ್ಟರಿ ಡಬಲ್ ಸ್ಟಿಚ್ಚು. ಆಟೋ ಸೀಟು ಹೊಲಿಯೋನಿಗೆ ಏನು ಗೊತ್ತು? ಏಂ ಕಾದಮ್ಮಾ" ಎಂದರು. ಏನೂ ಆಗುವುದಿಲ್ಲ ಎಂಬ ಆ ತೆಲುಗು ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು, ಗುಡ್ಡದ ತುದಿಯಲ್ಲಿ ನಾನು ಓಡಲು ಹಿಂಜರಿದಾಗಲೂ ಅದನ್ನೇ ಅಂದು ಧೈರ್ಯ ತುಂಬಿದವರು. ನಾನು ನಂಬಿದೆ. ಅನುಮಾನವೆಲ್ಲ ತಾತನ ಕಡೆಗೇ ತಿರುಗಿತು. ಆ ತೂತುಗಳನ್ನು ಅವರೇ ಮಾಡಿರಬಹುದೇ ಎಂದು ಕೂಡ ಯೋಚಿಸಿದೆ, ನಾಚಿಕೆಯಾಗುತ್ತದೆ ಈಗ ಬರೆಯಲು.

ಅದಾಗಿ ಹತ್ತು ದಿನಕ್ಕೆ ಹಿಂದೂಪುರದಿಂದ ಅಮ್ಮನ ಫೋನು. "ಕಲ್ಯಾಣದುರ್ಗದಿಂದ ಯಾವನೋ ಮುದುಕ ಬಂದಿದ್ದ ಕಣೇ. ಆ ಇಂಜಿನಿಯರು ಸರಿಯಿಲ್ಲ, ಮಗಳನ್ನ ಕಳಿಸಬ್ಯಾಡ ಅಂತಾನೆ. ನನ್ ಮಗಳ ವಿಚಾರ ನಿಂಗ್ಯಾಕಪ್ಪ ಅಂತ ಬೈದು ಕಳಿಸ್ದೆ."

"ಒಳ್ಳೇದು ಮಾಡ್ದೆ" ಎಂದೆ. ಫೋನಿಟ್ಟ ಮೇಲೂ ಮೈ ಉರಿಯುತ್ತಿತ್ತು. ನನ್ನ ಊರಿನ ವಿಳಾಸ ಹುಡುಕಿ ಚಾಡಿ ಹೇಳಲು ಹೋಗಿದ್ದಾನಲ್ಲ ಎಂದು. ಅಂದಿನಿಂದ ಆ ಓಣಿಗೆ ಕಾಲಿಡಲಿಲ್ಲ.

ರೆಕ್ಕೆಯನ್ನು ಮಡಚಿ, ವಿಮಾನದಲ್ಲಿ ಕಳಿಸಲು ಕಟ್ಟುವ ಕೆಲಸವನ್ನು ಇಂಜಿನಿಯರೇ ಮಾಡಿದರು. ನಾನು ಕೈಹಾಕಲು ಹೋದರೆ ಬೇಡವೆಂದರು. ಕಾಳಜಿ ಎಂದುಕೊಂಡೆ.

ಇಟಲಿಯಲ್ಲಿ ಮೊದಲ ಎರಡು ದಿನ ನಾನು ಹಾರಿದ್ದು ಸಾಧಾರಣ. ಸ್ಪರ್ಧೆಯವರು ಗೊತ್ತುಮಾಡಿದ ದೂರದ ಅರ್ಧಕ್ಕೇ ಇಳಿದುಬಿಡುತ್ತಿದ್ದೆ. ಆದರೂ ಆ ಹಸಿರು ಕಣಿವೆಯ ಮೇಲೆ, ಎಷ್ಟೋ ದೇಶಗಳ ರೆಕ್ಕೆಗಳ ನಡುವೆ ಬಿಸಿಯಾಗಿ ಮೇಲೇಳುವ ಗಾಳಿಯ ಒಂದೇ ಕಂಬವನ್ನು ಸುತ್ತುತ್ತಾ ಮೇಲೇರಿದ ಆ ಗಳಿಗೆ… ಅದನ್ನು ಮರೆಯಲಾರೆ. ಎರಡನೇ ದಿನ ಜೋಳದ ಹೊಲದಲ್ಲಿ ಇಳಿಯುವಾಗ ಎಡರೆಕ್ಕೆಯ ತುದಿ ನೆಲಕ್ಕೆ ಬಡಿಯಿತು.

ಮರುದಿನ ಬೆಳಿಗ್ಗೆ ಪಕ್ಕದ ಡೇರೆಯ ಸ್ಪರ್ಧಿ ನನ್ನ ಬಳಿಗೆ ಬಂದಳು. ತಲೆಗೂದಲು ನರೆತ ಹೆಂಗಸು, ನಮ್ಮಿಬ್ಬರ ನಡುವೆ ಇದ್ದದ್ದು ಅರೆಬರೆ ಇಂಗ್ಲಿಷು. ಹಾಗೆ ಬಡಿದ ಮೇಲೆ ಬಟ್ಟೆ ಸರಿಸಿ ಪೈಪು ನೋಡದೆ ಹಾರಬಾರದು ಎಂದಳು. ಇಬ್ಬರೂ ಸೇರಿ ಎಡರೆಕ್ಕೆಯ ಬಟ್ಟೆಯನ್ನು ಸರಿಸಿದೆವು. ತಾತನ ಬೆರಳು ನಿಂತಿದ್ದ ಜಾಗದ ನೇರ ಕೆಳಗೆ, ಪೈಪಿನಲ್ಲಿ ಒಂದು ಸಾಲು ರಿವೆಟ್ಟುಗಳಿದ್ದವು. ಬಲರೆಕ್ಕೆಯಲ್ಲಿ ಅವು ಇರಲಿಲ್ಲ. ಹಿಂದೆಂದೋ ಮುರಿದ ಪೈಪಿನೊಳಗೆ ಇನ್ನೊಂದು ಪೈಪು ತೂರಿಸಿ ಜೋಡಿಸಿದ್ದರು. ಒಂದು ರಿವೆಟ್ಟಿನಿಂದ ಕೂದಲೆಳೆಯಂಥ ಗೆರೆ ಹೊರಟಿತ್ತು. ಆಕೆ ಅದರ ಮೇಲೆ ಉಗುರು ಎಳೆದಳು. ಉಗುರು ಸಿಕ್ಕಿಕೊಂಡಿತು: ಬಿರುಕು. ಆಕೆ ನನ್ನ ಮುಖ ನೋಡಿದಳು.

ಇಂಜಿನಿಯರನ್ನು ಕರೆದೆ. ಹೆಗಲಿಗೆ ಪಟ್ಟಿ ಏರಿಸಿಕೊಂಡು ಹಾರಲು ಸಿದ್ಧರಾಗಿ ಬಂದರು. "ನನಗೂ ಯಾರೋ ಮಾರಿದ್ದು, ನಾನೂ ಬಿಚ್ಚಿ ನೋಡಿರಲಿಲ್ಲ" ಎಂದರು. ಸ್ವಲ್ಪ ತಡೆದು, "ಇಷ್ಟು ವರ್ಷ ತಡೆದಿದೆ, ಇನ್ನೂ ನಾಲ್ಕು ದಿನ ತಡೆಯುತ್ತೆ. ಏಂ ಕಾದಮ್ಮಾ" ಎಂದರು.

ಹಾಗೆನ್ನುವಾಗ ಅವರು ಬಗ್ಗಿ ಆ ಗೆರೆಯನ್ನು ನೋಡಿರಲಿಲ್ಲ. ನಿಂತಲ್ಲಿಂದಲೇ ಹೇಳಿದ್ದರು. ನೋಡದವರಿಗೆ ಎಲ್ಲಿ ಏನಾಗಿದೆ ಎಂದು ಹೇಗೆ ಗೊತ್ತು? ಮೊದಲೇ ಗೊತ್ತಿತ್ತೋ, ಅಥವಾ ಹಾರುವ ಅವಸರದಲ್ಲಿ ಬಗ್ಗಲಿಲ್ಲವೋ… ಇಷ್ಟು ವರ್ಷ ಈ ಎರಡರ ನಡುವೆ ತೂಗಿದ್ದೇನೆ. ಇವತ್ತಿಗೂ ಗೊತ್ತಿಲ್ಲ.

ನಾಲ್ಕು ವರ್ಷದ ಭಾನುವಾರಗಳು, ಅಮ್ಮನನ್ನು ಒಪ್ಪಿಸಿದ್ದು, ಊರಿನ ಕಣ್ಣುಗಳು, ಎಲ್ಲ ಅಲ್ಲಿ ಆ ಹುಲ್ಲಿನ ಮೇಲೆ ನನ್ನೆದುರು ಕೂತಿದ್ದವು. ಅರ್ಧ ಗಂಟೆ ಹಾಗೇ ನಿಂತಿದ್ದೆ. ಆಮೇಲೆ ಸ್ಪರ್ಧೆಯವರ ಮೇಜಿನ ಬಳಿಗೆ ಹೋಗಿ ನನ್ನ ನಂಬರು ಹೊಡೆದುಹಾಕಿ ಎಂದೆ. ನನ್ನ ಹೆಸರು ಪಟ್ಟಿಯ ಕೊನೆಗೆ ಹೋಗಿ ಅಲ್ಲೇ ಉಳಿಯಿತು. ಇಂಜಿನಿಯರು ಅಂದೂ ಹಾರಿದರು, ಉಳಿದ ದಿನಗಳೂ ಹಾರಿದರು. ವಾಪಸ್ಸು ಬರುವಾಗ ವಿಮಾನದಲ್ಲಿ ಬೇರೆ ಸಾಲಿನಲ್ಲಿ ಕೂತರು. ಆ ವರ್ಷವೇ ಬೇರೆ ರಾಜ್ಯಕ್ಕೆ ವರ್ಗ ತೆಗೆದುಕೊಂಡರು.

ಹಿಂದೂಪುರಕ್ಕೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಆಗ ಅಮ್ಮ ಹೇಳಿದಳು: "ಆ ಮುದುಕ ಚೀಲದಿಂದ ಒಂದು ಬಟ್ಟೆ ತುಂಡು ತೆಗೆದ ಕಣೇ. ಎಲ್ಡು ಥರ ಹೊಲ್ಕೊಂಡು ಬಂದಿದ್ದ. ಇದು ನೋಡಮ್ಮ, ಇದು ಮೊದಲ್ನೇ ಸಲದ್ದು, ಇದು ಎರಡನೇದು ಅಂದ. ನಂಗೆ ಅದೆಲ್ಲ ಎಲ್ಲಿ ತಲೆಗೋಯ್ತು? ನಿನ್ ಹೆಸರು, ಆವಯ್ಯನ ಹೆಸರು ಜೊತೆಯಾಗ್ ಕೇಳಿದ್ದೇ, ಬಾಯಿಗೆ ಬಂದಂಗೆ ಬೈದ್ಬುಟ್ಟೆ."

ತಾತನ ಮೊಣಕಾಲು ಸರಿಯಿರಲಿಲ್ಲ. ಕಲ್ಯಾಣದುರ್ಗದಿಂದ ಪೆನುಕೊಂಡಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹಿಂದೂಪುರದಲ್ಲಿ ಮನೆ ಹುಡುಕಿಕೊಂಡು ಬಂದಿದ್ದರು. ತಾವು ಜೀವನವಿಡೀ ಯಾವುದನ್ನು ಮುಚ್ಚಿ ಹೊಲಿದುಕೊಟ್ಟಿದ್ದರೋ ಅದನ್ನು ಒಬ್ಬರಿಗಾದರೂ ಬಿಚ್ಚಿ ತೋರಿಸಲು.

ಮರುದಿನವೇ ನಾನು ಅವರ ಬಳಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಚಿಕೆ. ಏನೆಂದು ಹೇಳಲಿ, ಹೇಗೆ ಶುರುಮಾಡಲಿ… ಕಲ್ಯಾಣದುರ್ಗಕ್ಕೆ ಮರಳಿದ ಮೇಲೆ ದಿನಾ ಅದೇ ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನ ಗಾಡಿ ಹತ್ತುತ್ತಿದ್ದೆ, ನಾಳೆ ಹೋದರಾಯಿತು ಎನ್ನುತ್ತಿದ್ದೆ. ಹೀಗೇ ಒಂದೂವರೆ ತಿಂಗಳು. ಕೊನೆಗೊಂದು ಭಾನುವಾರ ಹೋದರೆ ತಗಡಿನ ಬಾಗಿಲು ಹಾಕಿತ್ತು. ಟೀ ಅಂಗಡಿಯವನು ಲೋಟ ತೊಳೆಯುತ್ತಾ, "ಆಯನ ಪೋಯಿ ಪದಿ ರೋಜುಲೈಂದಮ್ಮಾ" ಎಂದ. ತೀರಿಹೋಗಿ ಹತ್ತು ದಿನವಾಗಿತ್ತು.

ನಾನು ಈಗಲೂ ಹಾರುತ್ತೇನೆ. ಇನ್ನೆರಡು ಸಲ ಹೊರದೇಶದ ಸ್ಪರ್ಧೆಗೂ ಹೋಗಿಬಂದೆ, ಪಟ್ಟಿಯ ನಡುಮಧ್ಯದಲ್ಲೆಲ್ಲೋ ಹೆಸರೂ ಬಂತು. ಅದನ್ನು ಹೇಳಬೇಕಾಗಿದ್ದ ಒಬ್ಬರಿಗೆ ಹೇಳಲಾಗಲಿಲ್ಲ.

ಹೋದ ವಾರ ಮನೆಗೆ ಬಂದು, ತಾತ ನೆನಪಾದರು ಎಂದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಕುಡಿಯಾಕೆ ನೀರು ಕೇಳಿದ್ದ. ಕೊಟ್ಟೆ. ಬಾಗಿಲಲ್ಲೇ ನಿಂತ್ಕೊಂಡು ಕುಡ್ದ. ಕೂತ್ಕೊಳಪ್ಪ ಅನ್ನಲಿಲ್ಲ ನಾನು" ಎಂದಳು. ಇದನ್ನು ಇಷ್ಟು ವರ್ಷ ಅವಳು ನನಗೆ ಹೇಳಿರಲಿಲ್ಲ. "ಆವತ್ತು ಪೆನುಕೊಂಡದ ಬಸ್ಸಿಗೆ ಇನ್ನೂ ಎಲ್ಡು ಗಂಟೆ ಇತ್ತು ಕಣೇ. ಎಲ್ಲಿ ಕೂತಿದ್ನೋ ಏನೋ."